ಅಂಗಡಿ ಬಾಡಿಗೆ ಕರಾರು: 'ಕ್ವಾಯೆಟ್ ಎಂಜಾಯ್ಮೆಂಟ್'ಗೆ ಕನ್ನಡ ಪದ ಬೇಕು, ನಾಳೆಯೊಳಗೆ

ಎಲ್ಲರಿಗೂ ನಮಸ್ಕಾರ. ಅಂಗಡಿ ಮಳಿಗೆಯೊಂದರ ಬಾಡಿಗೆ ಕರಾರನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನ ಎರಡೂ ಕಡೆಯವರು ರುಜು ಹಾಕುತ್ತಾರೆ. 'ಕ್ವಾಯೆಟ್ ಎಂಜಾಯ್ಮೆಂಟ್' ಹತ್ತಿರ ಬಂದು ನಿಂತಿದ್ದೇನೆ. 'ಶಾಂತ ಅನುಭೋಗ' ಎಂದು ಬರೆದಿದ್ದೆ. ಬಾಡಿಗೆದಾರರು ಓದಿ, 'ಅಂಗಡಿಯಲ್ಲಿ ಗದ್ದಲ ಮಾಡಬಾರದು ಅಂತ ಷರತ್ತಾ?' ಎಂದು ಕೇಳಿದರು. ಅರ್ಥ ಪೂರ್ತಿ ಉಲ್ಟಾ ಆಯಿತು. ಇದು ಬಾಡಿಗೆದಾರರಿಗೆ ಕಿರುಕುಳ ಕೊಡುವುದಿಲ್ಲ ಎಂದು ಮಾಲೀಕರು ಕೊಡುವ ಮಾತು ಅಲ್ವಾ? ಇನ್ನೊಂದು, 'ಸಬ್‌ಲೆಟ್' ಮತ್ತು 'ಅಸೈನ್‌ಮೆಂಟ್' ಒಂದೇ ವಾಕ್ಯದಲ್ಲಿವೆ. ಎರಡಕ್ಕೂ 'ಪರಭಾರೆ' ಎನ್ನಬಹುದೇ?

* * *

> ಶಾಂತ ಅನುಭೋಗ

ಇದು ಕನ್ನಡವೇ ಅಲ್ಲ. 'ತಡೆಯಿಲ್ಲದ ಬಳಕೆ' ಎನ್ನಿ. ಸಬ್‌ಲೆಟ್‌ಗೆ 'ಒಳಬಾಡಿಗೆ'. ಹಾಗೆಯೇ ಕರಾರು, ರುಜು, ಮಾಲೀಕ, ಷರತ್ತು ನಾಲ್ಕೂ ಅರಬ್ಬಿ ಮೂಲದವು. ಒಪ್ಪಂದ, ಒಡೆಯ, ಕಟ್ಟಳೆ ಇರುವಾಗ ಅವು ಯಾಕೆ ಬೇಕು?

* * *

ಮೇಡಂ, ಮೊದಲು ಅರ್ಥ ಹಿಡಿಯೋಣ. ಇಲ್ಲಿ 'ಕ್ವಾಯೆಟ್' ಅಂದರೆ ಸದ್ದಿಲ್ಲದ್ದು ಅಲ್ಲ, ಕಿರುಕುಳವಿಲ್ಲದ್ದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ 'ಕ್ವಾಯೆಟ್' ಪದವೇ ಇಲ್ಲ. ಬಾಡಿಗೆ ಕೊಟ್ಟುಕೊಂಡು, ಒಪ್ಪಿದ್ದನ್ನು ನಡೆಸಿಕೊಂಡು ಹೋದರೆ ಅವಧಿ ಮುಗಿಯುವ ತನಕ ಅಡ್ಡಿಯಿಲ್ಲದೆ ಇರಬಹುದು ಎಂಬರ್ಥದ ಮಾತಿದೆ. ಮಾಲೀಕರು ಕರೆಂಟು ಕಿತ್ತುಹಾಕಿದರೆ, ಬಾಗಿಲಿಗೆ ಬೇರೆ ಬೀಗ ಜಡಿದರೆ, ಬಾಡಿಗೆದಾರರು ಹಿಡಿದುಕೊಳ್ಳುವುದು ಇದೇ ಸಾಲನ್ನು. ಅದು ಅವರಿಗೆ ಓದಿದ ಕೂಡಲೇ ಅರ್ಥವಾಗಬೇಕು.

ಹೊಸ ಪದ ಕಟ್ಟಬೇಕಿಲ್ಲ. ಕ್ರಯಪತ್ರಗಳಲ್ಲಿ 'ನಿರಾತಂಕವಾಗಿ ಅನುಭವಿಸಿಕೊಂಡು ಬರತಕ್ಕದ್ದು' ಎಂದು ಬರೆಯುತ್ತಾರಲ್ಲ, ಅದೇ ಇದು. ಈಗ 'ಆತಂಕ' ಅಂದರೆ ಜಾಸ್ತಿ ಜನಕ್ಕೆ ಹೆದರಿಕೆಯೇ ನೆನಪಾಗುತ್ತದೆ. ಆದರೆ 'ಅಡ್ಡಿ ಆತಂಕ' ಎಂಬ ಜೋಡಿಯಲ್ಲಿ ಹಳೆಯ ಅರ್ಥ ಇನ್ನೂ ಗಟ್ಟಿಯಾಗಿದೆ. ಹಾಗಾಗಿ: 'ಯಾವ ಅಡ್ಡಿ ಆತಂಕವೂ ಇಲ್ಲದೆ ಅನುಭವಿಸುವ ಹಕ್ಕು'.

'ಪರಭಾರೆ' ಬೇಡ. ಮಾರಾಟ, ದಾನ ಎಲ್ಲವೂ ಅದರೊಳಗೆ ಬರುತ್ತವೆ. ಒಳಬಾಡಿಗೆಯಲ್ಲಿ ಮೊದಲ ಬಾಡಿಗೆದಾರ ನಡುವೆ ಇದ್ದೇ ಇರುತ್ತಾನೆ, ಮಾಲೀಕರಿಗೆ ಬಾಡಿಗೆ ಕಟ್ಟಬೇಕಾದವನು ಅವನೇ. ಅಸೈನ್‌ಮೆಂಟ್‌ನಲ್ಲಿ ಉಳಿದ ಅವಧಿ ಪೂರ್ತಿ ಇನ್ನೊಬ್ಬನ ಕೈಗೆ ಹೋಗುತ್ತದೆ. ಅದಕ್ಕೆ 'ಬಾಡಿಗೆ ಹಕ್ಕಿನ ವರ್ಗಾವಣೆ' ಎಂದು ಬಿಡಿಸಿಯೇ ಬರೆಯಿರಿ. ಅನುಮತಿ ಬೇಕು ಎನ್ನುವ ಕಡೆ ಒಂದನ್ನೇ ಬರೆದರೆ, ಇನ್ನೊಂದಕ್ಕೆ ತಡೆಯಿಲ್ಲ ಎಂದು ವಾದ ಹೂಡಲು ದಾರಿ ಸಿಗುತ್ತದೆ.

* * *

'ಅಡ್ಡಿ' ಒಂದೇ ಸಾಕು. 'ಆತಂಕ' ಸಂಸ್ಕೃತ, 'ಹಕ್ಕು' ಅರಬ್ಬಿ. ಕಲಬೆರಕೆ.

* * *

'ಹಕ್ಕು' ಬಿಟ್ಟು ಒಂದು ಬಾಡಿಗೆ ಪತ್ರ ಬರೆದು ತೋರಿಸಿ ಸರ್. 'ಬಾಡಿಗೆ'ಯನ್ನೇ ಸಂಸ್ಕೃತದ 'ಭಾಟಕ'ದ ತದ್ಭವ ಎನ್ನುತ್ತಾರೆ. ಅದನ್ನೂ ಬಿಡುತ್ತೀರಾ? ಕೋರ್ಟು ಕಚೇರಿಯ ಕನ್ನಡದಲ್ಲಿ ಬಾಕಿ, ಜಪ್ತಿ, ರದ್ದು, ಜಾಮೀನು ಎಲ್ಲ ಹೊರಗಿನಿಂದ ಬಂದವೇ. ಇವನ್ನು ಓದಿದವರು, ಓದದವರು ಇಬ್ಬರೂ ಬಳಸುತ್ತಾರೆ. 'ಕಟ್ಟಳೆ' ಎಂದು ಬರೆದರೆ ಅದು ಷರತ್ತೋ ನಿಯಮವೋ ಎಂದು ಇನ್ನೊಂದು ಜಗಳ ಶುರುವಾಗುತ್ತದೆ.

* * *

ನಾನು ಬಳಕೆಯ ಪದ ಕೊಲ್ಲಿ ಎನ್ನಲಿಲ್ಲ. ಹೊಸ ಅನುವಾದದಲ್ಲಾದರೂ ನಮ್ಮದಕ್ಕೆ ಮೊದಲ ಮಣೆ ಸಿಗಲಿ ಎಂದೆ. 'ಒಳಬಾಡಿಗೆ'ಯನ್ನು ನೀವೂ ಉಳಿಸಿಕೊಂಡಿದ್ದೀರಿ, ನೋಡಿ.

* * *

ಇಬ್ಬರಿಗೂ ಧನ್ಯವಾದ. ಬಾಡಿಗೆದಾರರಿಗೆ ಫೋನಿನಲ್ಲಿ ಓದಿ ಹೇಳಿದೆ, ಈ ಸಲ ಮರುಪ್ರಶ್ನೆ ಬರಲಿಲ್ಲ. ಹೀಗೆ ಹಾಕುತ್ತಿದ್ದೇನೆ: 'ಬಾಡಿಗೆದಾರರು ಬಾಡಿಗೆಯನ್ನು ಸರಿಯಾಗಿ ಪಾವತಿಸಿ ಈ ಕರಾರಿನ ಷರತ್ತುಗಳನ್ನು ಪಾಲಿಸುವವರೆಗೆ, ಮಾಲೀಕರಿಂದಾಗಲಿ ಅವರ ಕಡೆಯವರಿಂದಾಗಲಿ ಯಾವ ಅಡ್ಡಿ ಆತಂಕವೂ ಇಲ್ಲದೆ ಅವಧಿ ಪೂರ್ತಿ ಮಳಿಗೆಯನ್ನು ಅನುಭವಿಸುವ ಹಕ್ಕು ಹೊಂದಿರುತ್ತಾರೆ.'