ಸಹಾಯ ಬೇಕು: 10 ಯಾರ್ಡ್ ಡಂಪ್‌ಸ್ಟರ್ ಎರಡೋ, 20 ಯಾರ್ಡ್‌ನದು ಒಂದೋ?

ಅಮೆರಿಕದಲ್ಲಿ ಮನೆ ರಿಪೇರಿ ಮಾಡಿಸಿ ಗೊತ್ತಿರುವವರು ದಯವಿಟ್ಟು ಹೇಳಿ. (ಡಂಪ್‌ಸ್ಟರ್ ಅಂದರೆ ಒಡೆದ ಕಸ ತುಂಬಲು ಬಾಡಿಗೆಗೆ ತರಿಸುವ ದೊಡ್ಡ ತೊಟ್ಟಿ; ಇಲ್ಲಿ ಯಾರ್ಡ್ ಅಂದರೆ ಘನ ಗಜ.) 1960ರ ದಶಕದ ಮನೆ, ಎರಡು ಬಾತ್‌ರೂಮು ಮತ್ತು ಅಡುಗೆಮನೆ ಒಡೆಯಬೇಕು. (ಆಸ್ಬೆಸ್ಟಾಸ್ ಪರೀಕ್ಷೆ ಮಾಡಿಸಿದೆ, ಇಲ್ಲ ಅಂತ ಬಂದಿದೆ.)

ತಲೆನೋವು ಜಾಗದ್ದಲ್ಲ, ತೂಕದ್ದು. ಟೈಲ್ಸ್ ದಪ್ಪ ಸಿಮೆಂಟ್ ಹಾಸಿನ ಮೇಲಿವೆ. ನೆಲ 100 ಚದರಡಿಗೆ ತಲಾ 20 ಪೌಂಡ್, ಗೋಡೆ 250 ಚದರಡಿಗೆ ತಲಾ 15 ಪೌಂಡ್ ಹಿಡಿದರೆ 5,750 ಪೌಂಡ್, ಅಂದರೆ ಹತ್ತಿರಹತ್ತಿರ 3 ಟನ್ (ಅಮೆರಿಕದ ಟನ್, 2,000 ಪೌಂಡ್). ಆದರೆ ಒಡೆದು ಸುರಿದರೂ 4 ಯಾರ್ಡ್ ದಾಟಲ್ಲ. ಕ್ಯಾಬಿನೆಟ್ ಇದಕ್ಕೆ ಉಲ್ಟಾ: 20 ಅಡಿ ಉದ್ದದ ಮೇಲಿನದು, ಕೆಳಗಿನದು ಬಿಚ್ಚದೆ ಎಸೆದರೆ 6 ಯಾರ್ಡ್ ನುಂಗುತ್ತವೆ, ತೂಕ ಮಾತ್ರ ಕಡಿಮೆ. ಇದರ ಮೇಲೆ ಡ್ರೈವಾಲ್ (ಗೋಡೆಯ ಜಿಪ್ಸಮ್ ಹಲಗೆ) 400 ಚದರಡಿ, ಸುಮಾರು 640 ಪೌಂಡ್. ಬೀಡಿನ ಟಬ್ ಒಂದೇ 300 ಪೌಂಡ್. ಅದನ್ನು ಗುಜರಿಗೆ ಕೊಡುವ ಯೋಚನೆ.

ಬಾಡಿಗೆಯಲ್ಲಿ ಸೇರಿರುವ ತೂಕ 10 ಯಾರ್ಡ್‌ಗೆ 2 ಟನ್, 20 ಯಾರ್ಡ್‌ಗೆ 3 ಟನ್. ಮೀರಿದರೆ ಟನ್ ಲೆಕ್ಕದಲ್ಲಿ ದಂಡ. 20 ಯಾರ್ಡ್‌ನದು 22 ಅಡಿ ಉದ್ದ, ಹಿಂಬಾಗಿಲು ತೆರೆಯಲು ಇನ್ನೂ 8 ಅಡಿ. ಡ್ರೈವ್‌ವೇ ಸರಿಯಾಗಿ 30 ಅಡಿ! ಬೀದಿಯಲ್ಲಿಟ್ಟರೆ ಪರ್ಮಿಟ್ ಬೇಕು.

ಟೈಲ್ಸ್‌ಗೆ ಮಾತ್ರ ಒಂದು 10 ಯಾರ್ಡ್, ಉಳಿದದ್ದಕ್ಕೆ ಇನ್ನೊಂದು ತರಿಸುವುದು ಸರಿಯೇ? ಬರೀ ಟೈಲ್ಸ್-ಕಾಂಕ್ರೀಟ್ ಲೋಡಿಗೆ ದರ ಕಡಿಮೆ ಸಿಕ್ಕಿದೆಯೇ? ಡಾಂಬರು ಕುಸಿಯದಂತೆ ಚಕ್ರದಡಿ ಎಷ್ಟು ದಪ್ಪದ ಪ್ಲೈವುಡ್ ಹಾಕಿದಿರಿ?