‘ಟು’ ಬಂದ ಮೇಲೂ ‘ಇಂಗ್’ ಏಕೆ?

ಪ್ರಶ್ನೆ: ಮೇಡಂ, ನಮಸ್ಕಾರ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ತಪ್ಪು ಗುರುತಿಸುವ ಪ್ರಶ್ನೆಗಳಲ್ಲಿ ಇನ್ಫಿನಿಟಿವ್, ಜೆರಂಡ್ ಬಂದರೆ ಅಂದಾಜಿನ ಮೇಲೆ ಗುರುತು ಹಾಕುತ್ತೇನೆ. ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ತಪ್ಪಂತೆ, ‘ಟು ಮೀಟಿಂಗ್ ಯು’ ಸರಿಯಂತೆ. ‘ಟು’ ಆದ ಮೇಲೆ ಕ್ರಿಯಾಪದದ ಮೂಲರೂಪವೇ ಬರಬೇಕಲ್ಲವೇ? ಇವನ್ನೆಲ್ಲ ಬಾಯಿಪಾಠ ಮಾಡದೆ ಬೇರೆ ದಾರಿ ಇಲ್ಲವೇ?

ಉತ್ತರ (ಇಂಗ್ಲಿಷ್ ಉಪನ್ಯಾಸಕಿ): ನಮಸ್ಕಾರ. ಪಟ್ಟಿಯಿಂದ ಶುರು ಮಾಡಬೇಡಿ. ಇಂಗ್ಲಿಷಿನಲ್ಲಿ ‘ಟು’ ಎರಡು ಕೆಲಸ ಮಾಡುತ್ತದೆ. ‘ವಾಂಟ್ ಟು ಗೋ’ ಎಂಬಲ್ಲಿ ಅದು ಕ್ರಿಯಾಪದದ ಮೂಲರೂಪದ ಮೊದಲು ಬರುವ ಇನ್ಫಿನಿಟಿವ್‌ನ ಗುರುತು. ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿ ಅದು ಪ್ರಿಪೊಸಿಷನ್, ಅಂದರೆ ನಾಮಪದವನ್ನು ವಾಕ್ಯಕ್ಕೆ ಜೋಡಿಸುವ ಪದ. ಪ್ರಿಪೊಸಿಷನ್‌ನ ಮುಂದೆ ನಾಮಪದ ಬರಬೇಕು. ಕ್ರಿಯೆಯೇ ಬರುವುದಾದರೆ ನಾಮಪದದಂತೆ ನಡೆಯುವ ‘ಇಂಗ್’ ರೂಪದಲ್ಲಿ ಬರಬೇಕು. ಅದೇ ಜೆರಂಡ್.

ಯಾವ ‘ಟು’ ಎಂದು ತಿಳಿಯಲು ಅದರ ಮುಂದೆ ಒಂದು ನಾಮಪದ ಇಟ್ಟು ನೋಡಿ. ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ದ ಹಾಲಿಡೇಸ್’ ಎನ್ನಬಹುದು, ಆದ್ದರಿಂದ ‘ಮೀಟಿಂಗ್’. ‘ಐ ವಾಂಟ್ ಟು ದ ಹಾಲಿಡೇಸ್’ ಎನ್ನಲಾಗದು, ಆದ್ದರಿಂದ ‘ಮೀಟ್’.

ಇನ್ನು ಪ್ರಿಪೊಸಿಷನ್ ಆದ ‘ಟು’ ಇಲ್ಲದ ಕಡೆ ಇನ್ಫಿನಿಟಿವೋ ಜೆರಂಡೋ ಎಂಬ ಆಯ್ಕೆ ಹೇಗೆ? ಹಳೆಯ ಇಂಗ್ಲಿಷಿನಲ್ಲಿ ಇನ್ಫಿನಿಟಿವ್‌ನ ‘ಟು’ ಕೂಡ ‘ಕಡೆಗೆ’ ಎಂಬ ಅರ್ಥದ ಪದವೇ ಆಗಿತ್ತು. ‘ಓದುವುದಕ್ಕೆ ಬಂದೆ’ ಎನ್ನುವಾಗ ನಾವೂ ಚತುರ್ಥಿ ವಿಭಕ್ತಿ ಹಚ್ಚುತ್ತೇವಲ್ಲ, ಹಾಗೆ. ಆ ಮುಂದಕ್ಕೆ ನೋಡುವ ಗುಣ ಅದರಲ್ಲಿ ಇಂದಿಗೂ ಉಳಿದಿದೆ. ಹೋಪ್, ಡಿಸೈಡ್, ಪ್ರಾಮಿಸ್, ರೆಫ್ಯೂಸ್ ಎಲ್ಲವೂ ಇನ್ನೂ ನಡೆಯದ ಕ್ರಿಯೆಯ ಮಾತು, ಹಾಗಾಗಿ ಇನ್ಫಿನಿಟಿವ್. ಎಂಜಾಯ್, ಫಿನಿಶ್, ಅವಾಯ್ಡ್ ಬಂದಾಗ ಕ್ರಿಯೆಯನ್ನೇ ಒಂದು ವಸ್ತುವಿನಂತೆ ಹಿಡಿದು ಮಾತನಾಡುತ್ತೇವೆ, ಹಾಗಾಗಿ ಜೆರಂಡ್.

ಈ ವ್ಯತ್ಯಾಸ ನಿಚ್ಚಳವಾಗಿ ಕಾಣುವುದು ಎರಡೂ ರೂಪ ಒಪ್ಪುವ ಕ್ರಿಯಾಪದಗಳಲ್ಲಿ. ‘ಐ ರಿಮೆಂಬರ್ ಲಾಕಿಂಗ್ ದ ಡೋರ್’ ಎಂದರೆ ಬೀಗ ಹಾಕಿದ್ದು ನೆನಪಿದೆ. ಬೀಗ ಮೊದಲು, ನೆನಪು ಆಮೇಲೆ. ‘ರಿಮೆಂಬರ್ ಟು ಲಾಕ್ ದ ಡೋರ್’ ಎಂದರೆ ಬೀಗ ಹಾಕಲು ಮರೆಯಬೇಡ. ನೆನಪು ಮೊದಲು, ಬೀಗ ಆಮೇಲೆ. ‘ಹಿ ಸ್ಟಾಪ್ಡ್ ಟಾಕಿಂಗ್’ ಎಂದರೆ ಮಾತು ನಿಲ್ಲಿಸಿದ. ‘ಹಿ ಸ್ಟಾಪ್ಡ್ ಟು ಟಾಕ್’ ಎಂದರೆ ಮಾತನಾಡಲು ನಿಂತ. ಎಷ್ಟೋ ವಿದ್ಯಾರ್ಥಿಗಳು ಎರಡನೆಯದನ್ನು ಬರೆದು ಮೊದಲನೆಯ ಅರ್ಥ ಬಂತೆಂದುಕೊಳ್ಳುತ್ತಾರೆ. ಕನ್ನಡದಲ್ಲಿ ಇದೇ ಜಾಗದಲ್ಲಿ ಅವರು ಎಂದೂ ಎಡವುವುದಿಲ್ಲ. ಪ್ರೌಢಶಾಲೆಯಲ್ಲಿ ಓದಿದ ಕೃದಂತ ಭಾವನಾಮ (‘ಓದುವಿಕೆ’ಯಂಥವು), ಕೃದಂತಾವ್ಯಯ (‘ಓದಲು’ವಿನಂಥವು) ಪಾಠಗಳನ್ನು ಒಮ್ಮೆ ತೆರೆದು ನೋಡಿ, ಇಂಗ್ಲಿಷ್ ವ್ಯಾಕರಣದ ಅರ್ಧ ಭಯ ಅಲ್ಲೇ ಹೋಗುತ್ತದೆ.

ಇನ್ನೊಬ್ಬ ಸದಸ್ಯರು: ಮೇಡಂ, ಸಲಹೆ ಎನ್ನುವುದೂ ಮುಂದೆ ಮಾಡಬೇಕಾದ್ದರ ಬಗ್ಗೆಯೇ ಅಲ್ಲವೇ? ಹಾಗಿದ್ದರೂ ‘ಸಜೆಸ್ಟ್’ ಆದ ಮೇಲೆ ‘ಟು’ ಬರಬಾರದು ಎನ್ನುತ್ತಾರೆ.

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ನಾನು ಹೇಳಿದ್ದು ಒಲವು, ಕಟ್ಟುನಿಟ್ಟಾದ ನಿಯಮವಲ್ಲ. ಸಜೆಸ್ಟ್, ಕನ್ಸಿಡರ್, ಇಮ್ಯಾಜಿನ್ ಅದಕ್ಕೆ ಒಗ್ಗದೆ ಜೆರಂಡ್ ಕೇಳುತ್ತವೆ. ಬಾಯಿಪಾಠ ಬೇಕಾಗುವುದು ಇಂಥವಕ್ಕೆ ಮಾತ್ರ. ‘ಡಾಕ್ಟರ್ ನನಗೆ ನಡೆಯಲು ಸಲಹೆ ನೀಡಿದರು’ ಎಂಬ ಕನ್ನಡದ ಜಾಡಿನಲ್ಲೇ ಹೋಗಿ ನಾವು ‘ದ ಡಾಕ್ಟರ್ ಸಜೆಸ್ಟೆಡ್ ಮಿ ಟು ವಾಕ್’ ಎಂದು ಬರೆಯುತ್ತೇವೆ. ಅದು ತಪ್ಪು. ‘ಸಜೆಸ್ಟೆಡ್ ವಾಕಿಂಗ್’ ಅಥವಾ ‘ಸಜೆಸ್ಟೆಡ್ ದಟ್ ಐ ವಾಕ್’ ಎನ್ನಿ. ‘ಮಿ’ ಬೇಕೇ ಬೇಕೆಂದರೆ ‘ಅಡ್ವೈಸ್’ ಬಳಸಿ: ‘ಅಡ್ವೈಸ್ಡ್ ಮಿ ಟು ವಾಕ್’. ವ್ಯಕ್ತಿಯ ಹೆಸರು ಬಿಟ್ಟರೆ ಅದೂ ‘ಅಡ್ವೈಸ್ಡ್ ವಾಕಿಂಗ್’ ಆಗುತ್ತದೆ. ಪರೀಕ್ಷೆಯಲ್ಲಿ ಕೆಣಕುವುದು ಇಲ್ಲೇ, ಗಮನವಿರಲಿ.

ಮೊದಲು ಕೇಳಿದವರು: ತುಂಬಾ ಧನ್ಯವಾದ ಮೇಡಂ. ‘ಯೂಸ್ಡ್ ಟು’ ಎರಡೂ ರೀತಿಯಲ್ಲಿ ಕಾಣಿಸುತ್ತದೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಅರ್ಥ ಬೇರೆ. ‘ಐ ಯೂಸ್ಡ್ ಟು ಗೆಟ್ ಅಪ್ ಅರ್ಲಿ’ ಎಂದರೆ ಹಿಂದೆ ಬೇಗ ಏಳುತ್ತಿದ್ದೆ, ಈಗ ಇಲ್ಲ. ‘ಐ ಆಮ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ’ ಎಂದರೆ ಬೇಗ ಏಳುವುದು ರೂಢಿಯಾಗಿದೆ. ನಾಮಪದ ಇಟ್ಟು ನೋಡಿ: ‘ಐ ಆಮ್ ಯೂಸ್ಡ್ ಟು ದ ನಾಯ್ಸ್’ ಸಲೀಸಾಗಿ ಕೂರುತ್ತದೆ. ‘ಆಬ್ಜೆಕ್ಟ್ ಟು’, ‘ಕಮಿಟೆಡ್ ಟು’ ಬಂದಾಗಲೂ ಹೀಗೆಯೇ ಮಾಡಿ. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ನಿಮಗೆ ತಪ್ಪಿದ ವಾಕ್ಯಗಳಿದ್ದರೆ ಇಲ್ಲೇ ಹಾಕಿ, ಒಂದೊಂದಾಗಿ ನೋಡೋಣ.