ಅಪ್ಪನ ಹೆಸರಿನ ಕಲ್ಲು, ಅಕ್ಕನ ಪಾಲಿನ ದುಡ್ಡು: ತಡೆದರೆ ದೇವರ ಕಾಣಿಕೆಗೆ ಅಡ್ಡಿಯಾದಂತೆಯೇ?

ಬೆಟಗೇರಿಯ ಕಿರಿಮಗ:

ಎಲ್ಲರಿಗೂ ವಂದನೆ. ಸಂಗತಿ ಮನೆಯದ್ದು, ಪ್ರಶ್ನೆ ಮಾತ್ರ ದೇವರ ವಾಕ್ಯದ್ದು. ಬುದ್ಧಿ ಹೇಳುವವರು ಹೇಳಿ, ಬೈಯುವವರು ಬೈಯಿರಿ. "ಪ್ರಾರ್ಥಿಸುತ್ತೇವೆ ಬ್ರದರ್" ಎಂದಷ್ಟೇ ಬರೆದು ಕೈಮುಗಿದ ಚಿತ್ರ ಹಾಕಿ ಹೋಗಬೇಡಿ.

ಅಪ್ಪ ಹೋದ ವರ್ಷ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಗದಗ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಎರೆ ಹೊಲವಿದೆ, ಹಿಂಗಾರಿಗೆ ಕಡಲೆ, ಬಿಳಿಜೋಳ ಬೆಳೆಯುತ್ತಿದ್ದರು. ಈಗ ಮಾಡುವವರಿಲ್ಲ. ಅಣ್ಣನಿಗೆ ಗದಗಿನಲ್ಲಿ ಅಂಗಡಿ, ನನಗೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ, ಅಕ್ಕ ರಾಣೆಬೆನ್ನೂರಿನಲ್ಲಿದ್ದಾಳೆ. ವಾರಸಾ ಆಗಿ ಉತಾರದಲ್ಲಿ ಅವ್ವನದೂ ನಮ್ಮ ಮೂವರದೂ ಹೆಸರು ಬಂದಿದೆ. 24 ಲಕ್ಷಕ್ಕೆ ಮಾತಾಗಿ ಸಂಚಕಾರವನ್ನೂ ತೆಗೆದುಕೊಂಡಾಗಿದೆ. ಈಸ್ಟರ್ ಮುಗಿದ ಮೇಲೆ ನೋಂದಣಿ.

ಅಣ್ಣನ ಲೆಕ್ಕ ಹೀಗಿದೆ: 3 ಲಕ್ಷ ದೇವಾಲಯಕ್ಕೆ, ವೇದಿಯ ಸುತ್ತ ಗ್ರಾನೈಟ್ ಮತ್ತು ಹಿತ್ತಾಳೆಯ ಕಟಾಂಜನಕ್ಕಾಗಿ, ಗೋಡೆಯ ಮೇಲೆ ಅಪ್ಪನ ಹೆಸರಿನ ಕಲ್ಲು. ಉಳಿದದ್ದು ಅವನಿಗೂ ನನಗೂ ಅರ್ಧರ್ಧ. ಅವ್ವ ಅವನ ಮನೆಯಲ್ಲಿ ಇರುತ್ತಾಳೆ, ಹಾಗಾಗಿ ಅವಳಿಗೆ ಬೇರೆ ಬೇಡವಂತೆ. ಅಕ್ಕನ ಪಾಲು ಮದುವೆಯಲ್ಲೇ ಮುಟ್ಟಿತಂತೆ. ಅವಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಬೇಕೆಂದು ಹೊರಟಿದ್ದಾನೆ. "ದೇವರ ಕೆಲಸ, ಇಲ್ಲ ಅನ್ನಬೇಡ" ಎಂದು ಕೇಳಿದ, ಅವಳು ಹೂಂ ಎಂದಿದ್ದಾಳೆ.

ಕಲ್ಲು ಕೆತ್ತುವ ಅಂಗಡಿಯವರು ಕಳಿಸಿದ ನಮೂನೆಯನ್ನು ಅಣ್ಣ ನನ್ನ ಮೊಬೈಲಿಗೆ ಹಾಕಿದ. ಕಪ್ಪು ಕಲ್ಲು, ಬಂಗಾರದ ಬಣ್ಣದ ಅಕ್ಷರ, ನಡುವೆ ಶಿಲುಬೆ, ಎರಡೂ ಕಡೆ ಹೂವು. ಅಪ್ಪನ ಹೆಸರು, ಹುಟ್ಟಿದ ಮತ್ತು ತೀರಿದ ದಿನ. ಅದರ ಕೆಳಗೆ ಧರ್ಮಪತ್ನಿ ಎಂದು ಅವ್ವನ ಹೆಸರು, ಆಮೇಲೆ ಬಿ.ಕಾಂ. ಸಮೇತ ಅಣ್ಣನ ಹೆಸರು, ಆಮೇಲೆ ನನ್ನದು (ಐಟಿಐ ಹಾಕಲು ಜಾಗ ಸಾಲಲಿಲ್ಲವೇನೋ), ಆಮೇಲೆ ಮೊಮ್ಮಕ್ಕಳು, ಅದರಲ್ಲೂ ಗಂಡುಹುಡುಗರಷ್ಟೇ. ಅಕ್ಕನ ಹೆಸರೇ ಇಲ್ಲ. ಕೇಳಿದರೆ "ಅವಳು ಬೇರೆ ಮನೆತನದವಳಲ್ಲವೇ" ಎಂದ. ಅಪ್ಪ ಹಾಸಿಗೆ ಹಿಡಿದ ಕಡೆಯ ತಿಂಗಳುಗಳಲ್ಲಿ ಮೈ ಒರೆಸಿ, ಗಂಜಿ ಕುಡಿಸಿದವಳು ಆ ಬೇರೆ ಮನೆತನದವಳೇ. ಅವಳ ಗಂಡ ಹೋಗಿ ಬಹಳ ಕಾಲವಾಯಿತು. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಮಗಳನ್ನು ಓದಿಸುತ್ತಿದ್ದಾಳೆ.

ಅಣ್ಣ ಢೋಂಗಿ ಎಂದು ನಾನು ಹೇಳುತ್ತಿಲ್ಲ. ಲೆಂಟ್ (ಈಸ್ಟರಿಗೆ ಮುಂಚಿನ ಉಪವಾಸದ ಕಾಲ) ಮುಗಿಯುವವರೆಗೆ ಮಾಂಸ ಮುಟ್ಟುವುದಿಲ್ಲ, ಶುಕ್ರವಾರ ಸಂಜೆಯವರೆಗೆ ನೀರೂ ಕುಡಿಯುವುದಿಲ್ಲ. ಪ್ರಾರ್ಥನೆಯಲ್ಲಿ ಅವನು ಅಳುವುದು ನಿಜವಾದ ಅಳುವೇ. ನಮ್ಮದು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದ ಮನೆತನ ಎಂಬ ಹೆಮ್ಮೆ ಬೇರೆ. ಮಿಷನ್ನಿನವರು ಬೆಟಗೇರಿಗೆ ಬಂದದ್ದು 1841ರಲ್ಲಿ, ಅಂದಿನಿಂದ ನಾವು ಆ ಬೆಂಚುಗಳಲ್ಲೇ ಕೂತವರು ಎಂಬಂತೆ ಮಾತಾಡುತ್ತಾನೆ. ನಾನು ಎದುರಾಡಿದಾಗ ಅವನು ತೋರಿಸಿದ್ದು ಸಮುವೇಲನ ಮೊದಲ ಪುಸ್ತಕದ 15ನೆಯ ಅಧ್ಯಾಯ: ಯಜ್ಞಕ್ಕಿಂತ ವಿಧೇಯತೆ ದೊಡ್ಡದು. "ಹಿರಿಯರ ಮಾತು ಕೇಳುವುದನ್ನು ಮೊದಲು ಕಲಿ" ಎಂದ.

ಸಹಿ ಹಾಕಬೇಡ ಎಂದು ಅಕ್ಕನಿಗೆ ಹೇಳಿದರೆ ದೇವರಿಗೆ ಸಲ್ಲುವುದಕ್ಕೆ ನಾನು ಅಡ್ಡ ಬಂದಂತಾಗುತ್ತದೆಯೇ?

ಧಾರವಾಡದ ಟೀಚರ್:

ತಮ್ಮಾ, ನಿಮ್ಮ ಅಣ್ಣ ಅಧ್ಯಾಯವನ್ನೇನೋ ಸರಿಯಾಗಿಯೇ ಆರಿಸಿದ್ದಾರೆ, ಓದುವುದನ್ನು ಮಾತ್ರ ನಡುವೆ ನಿಲ್ಲಿಸಿದ್ದಾರೆ. ಅಲ್ಲಿ ಇಸ್ರಾಯೇಲಿನ ರಾಜ ಸೌಲ ಏನು ಮಾಡಿದ? ಅಮಾಲೇಕ್ಯರ ದನಕುರಿಗಳಲ್ಲಿ ಏನನ್ನೂ ಉಳಿಸಬೇಡ ಎಂದು ಆಜ್ಞೆಯಾಗಿತ್ತು. ಕೊಬ್ಬಿದವುಗಳನ್ನು ಉಳಿಸಿಕೊಂಡ. ಪ್ರವಾದಿ ಸಮುವೇಲ ಬಂದಾಗ "ಕರ್ತನ ಮಾತು ನಡೆಸಿದ್ದೇನೆ" ಎಂದು ತಾನೇ ಮೊದಲು ಬಾಯಿ ತೆರೆದ. ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗು ಎಲ್ಲಿಯದು ಎಂದು ಮುದುಕ ಕೇಳಿದಾಗ ಬಂದ ಉತ್ತರ: ಜನರು ಉಳಿಸಿದರು, ಅದೂ ದೇವರಿಗೆ ಯಜ್ಞ ಮಾಡಲು. ತಪ್ಪು ಜನರ ಮೇಲೆ, ನೆಪ ದೇವರ ಮೇಲೆ. ಅದಕ್ಕೂ ಮುಂಚೆ, 12ನೆಯ ವಚನ ನೋಡಿ: ಸೌಲ ಕರ್ಮೆಲಿಗೆ ಹೋಗಿ ತನಗಾಗಿ ಒಂದು ಸ್ಮಾರಕ ನಿಲ್ಲಿಸಿ ಬಂದಿದ್ದ. ನಿಮ್ಮ ಕಪ್ಪು ಕಲ್ಲಿನ ವರ್ಣನೆ ಓದುವಾಗ ನನಗೆ ಮೊದಲು ನೆನಪಾದದ್ದು ಆ ವಚನವೇ.

ಒಂದು ಮಾತು ಮುಚ್ಚಿಡುವುದಿಲ್ಲ. ಆ ಅಧ್ಯಾಯದಲ್ಲಿ ಮಕ್ಕಳನ್ನೂ ಬಿಡಬೇಡ ಎಂಬ ಆಜ್ಞೆಯಿದೆ. ಸಂಡೇ ಸ್ಕೂಲಿನಲ್ಲಿ ಅದನ್ನು ಕಲಿಸುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತಿತ್ತು. ಮೇಲಾಗಿ, ದೇವರಿಗೆ ತೋರಿಸಬೇಕಾದ ವಿಧೇಯತೆಯನ್ನು ಅಣ್ಣನಿಗೆ, ಸಭಾಪಾಲಕರಿಗೆ, ಕಮಿಟಿಯ ಹಿರಿಯರಿಗೆ ವರ್ಗಾಯಿಸಿಕೊಳ್ಳಲು ಈ ಅಧ್ಯಾಯವನ್ನೇ ಎತ್ತಿಕೊಳ್ಳುವವರನ್ನು ಬಹಳ ನೋಡಿದ್ದೇನೆ. ಅಲ್ಲಿ ರಾಜನೇ ಹಿರಿಯ. ತಪ್ಪು ಮಾಡಿದವನೂ ಅವನೇ.

ನೀವು ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯಕ್ಕೆ ಹೋಗಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪಾಗಿದೆ ಎಂದು ಹೇಳಿ, ಇನ್ನು ಅವರಿಗೆ ಏನನ್ನೂ ಕೊಡಬೇಕಾಗಿಲ್ಲ ಎಂದು ಕೂರುವವರ ಬಗ್ಗೆ ಯೇಸು ಅಲ್ಲಿ ಮಾತಾಡುತ್ತಾನೆ. ಸಂಪ್ರದಾಯ ಹಿಡಿದು ದೇವರ ಮಾತನ್ನೇ ರದ್ದು ಮಾಡಿದಿರಿ ಎನ್ನುತ್ತಾನೆ. ಇದಕ್ಕಿಂತ ಹತ್ತಿರದ ಮಾತು ನಿಮಗೆ ಸಿಗುವುದಿಲ್ಲ. ಲೆಂಟ್ ಉಪವಾಸದ ವಿಚಾರಕ್ಕೆ ಯೆಶಾಯನ 58ನೆಯ ಅಧ್ಯಾಯವಿದೆ. ನಾನು ಮೆಚ್ಚುವ ಉಪವಾಸ ಇದು ಎಂದು ದೇವರು ಹೇಳುವ ಪಟ್ಟಿಯ ಕೊನೆಯಲ್ಲಿ, ನಿನ್ನ ಸ್ವಂತ ರಕ್ತಸಂಬಂಧಿಗೆ ಮುಖ ಮರೆಸಿಕೊಳ್ಳಬೇಡ ಎಂದಿದೆ. ಅಣ್ಣನಿಗೆ ಇದನ್ನು ಶುಕ್ರವಾರವೇ ಓದಿಸಿ.

ಅಂದ ಹಾಗೆ, ಅವ್ವನ ಪಾಲು ಎಲ್ಲಿ ಹೋಯಿತು? ಕಲ್ಲಿನ ಮೇಲೆ ಹೆಸರು ಬಂದ ಮಾತ್ರಕ್ಕೆ ಪಾಲು ಬಂದಂತಾಯಿತೇ?

ಬ್ಯಾಡಗಿ ಪೇಟೆ:

ಟೀಚರ್ ಅವರಲ್ಲಿ ಗೌರವವಿದೆ, ಆದರೆ ಇನ್ನೊಂದು ಪಕ್ಕವನ್ನೂ ಯಾರಾದರೂ ಹೇಳಬೇಕು. ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟವನು ನಾನು, ದುಡ್ಡಿನ ಮಾತು ನನಗೆ ಹೊಸದಲ್ಲ. ಮನೆಗೆ ಟೈಲ್ಸ್ ಹಾಕಿಸುವಾಗ, ಮಗನಿಗೆ ಬೈಕ್ ಕೊಡಿಸುವಾಗ ಯಾರಿಗೂ ವಿಧವೆಯರ ನೆನಪಾಗುವುದಿಲ್ಲ. ಕಾಣಿಕೆಯ ತಟ್ಟೆ ಹತ್ತಿರ ಬಂದ ಕೂಡಲೇ ಎಲ್ಲರೂ ಬಡವರ ವಕೀಲರಾಗುತ್ತಾರೆ. ಬೇಥಾನ್ಯದಲ್ಲಿ ಒಬ್ಬ ಹೆಂಗಸು ಯೇಸುವಿನ ತಲೆಯ ಮೇಲೆ ಬೆಲೆಬಾಳುವ ತೈಲವನ್ನು ಸುರಿದಾಗ, ಮುನ್ನೂರು ದಿನಾರಿಗಿಂತ ಹೆಚ್ಚಿಗೆ ಮಾರಿ ಬಡವರಿಗೆ ಕೊಡಬಹುದಿತ್ತು ಎಂದು ಗೊಣಗಿದವರಿದ್ದರು. ಒಂದು ದಿನಾರಿ ಎಂದರೆ ಕೂಲಿಯವನ ಒಂದು ದಿನದ ದುಡಿಮೆ. ಆಕೆಯನ್ನು ಬಿಡಿರಿ, ಒಳ್ಳೆಯ ಕೆಲಸ ಮಾಡಿದ್ದಾಳೆ ಎಂದನಲ್ಲವೇ ಕರ್ತನು?

ಧರ್ಮದ ನೇಮಗಳನ್ನು ಬಿಗಿಯಾಗಿ ಹಿಡಿದಿದ್ದ ಫರಿಸಾಯರಿಗೆ ಯೇಸು ಹೇಳಿದ ಮಾತನ್ನೂ ಅರ್ಧಕ್ಕೆ ಬಿಡಬೇಡಿ. ಪುದೀನ, ಸಬ್ಬಸಿಗೆ, ಜೀರಿಗೆಗಳಲ್ಲೂ ದಶಮಭಾಗ ಕೊಟ್ಟು ನ್ಯಾಯ, ಕರುಣೆ, ನಂಬಿಗಸ್ತಿಕೆಗಳನ್ನು ಬಿಟ್ಟಿರಿ ಎಂದ ಮೇಲೆ, ಇವನ್ನೂ ಮಾಡಬೇಕಿತ್ತು, ಅವನ್ನೂ ಬಿಡಬಾರದಿತ್ತು ಎಂದೂ ಸೇರಿಸಿದ. ದೇವಾಲಯಕ್ಕೂ ಕಲ್ಲು, ಮರ, ಸುಣ್ಣ ಬೇಕು. ಅಕ್ಕನೇ ಮನಸಾರೆ ಒಪ್ಪಿರುವಾಗ ನಡುವೆ ನೀವು ಯಾರು?

ಧಾರವಾಡದ ಟೀಚರ್:

ಅಣ್ಣಾವ್ರೇ, ಆ ಹೆಂಗಸು ಸುರಿದದ್ದು ತನ್ನ ತೈಲವನ್ನು, ಅಕ್ಕನ ಮನೆಯ ಭರಣಿಯನ್ನು ತಂದು ಒಡೆಯಲಿಲ್ಲ. ದಾವೀದ ಯಜ್ಞವೇದಿ ಕಟ್ಟಲು ಅರೌನನ ಕಣಕ್ಕೆ ಹೋದಾಗ ಅವನು ಕಣವನ್ನೂ ಎತ್ತುಗಳನ್ನೂ ಪುಕ್ಕಟೆ ಕೊಡಲು ಬಂದ. ನನಗೆ ಏನೂ ಖರ್ಚಿಲ್ಲದ ಯಜ್ಞವನ್ನು ನನ್ನ ದೇವರಿಗೆ ಅರ್ಪಿಸುವುದಿಲ್ಲ ಎಂದು ರಾಜ ಐವತ್ತು ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಕಣದ ಯಜಮಾನ ಮನಸಾರೆ ಒಪ್ಪಿದ್ದರೂ ಕೊಟ್ಟ ಎಂಬುದನ್ನು ಗಮನಿಸಿ. ಇನ್ನು "ದೇವರ ಕೆಲಸ" ಎಂದು ಕೇಳಿದ ಹಿರಿಯಣ್ಣನ ಎದುರಿಗೆ ಗಂಡನಿಲ್ಲದ ತಂಗಿ ಹೇಳಿದ ಹೂಂ ಎಷ್ಟು ತೂಗುತ್ತದೆ ಎಂಬುದು ತಕ್ಕಡಿ ಹಿಡಿಯುವ ನಿಮಗೇ ಗೊತ್ತಿರಬೇಕು.

ಹುಬ್ಬಳ್ಳಿ ಕೋರ್ಟ್ ರಸ್ತೆ:

ವಾಕ್ಯದ ವಿಚಾರ ನಿಮಗೆ ಬಿಟ್ಟೆ. ಕಾನೂನಿನ ವಿಚಾರ ಇಷ್ಟು. ಉಯಿಲಿಲ್ಲದೆ ತೀರಿದ ಕ್ರೈಸ್ತರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. 33ನೆಯ ಕಲಮಿನಂತೆ ಮಕ್ಕಳಿರುವ ವಿಧವೆಗೆ ಮೂರರಲ್ಲೊಂದು ಭಾಗ. ಉಳಿದ ಎರಡು ಭಾಗ ಮಕ್ಕಳಿಗೆ ಸಮಸಮ, ಗಂಡು ಹೆಣ್ಣೆಂಬ ಭೇದವಿಲ್ಲ. ಅಂದರೆ 24 ಲಕ್ಷದಲ್ಲಿ ನಿಮ್ಮ ತಾಯಿಗೆ 8 ಲಕ್ಷ, ನೀವು ಮೂವರಿಗೆ ತಲಾ ಸುಮಾರು 5.33 ಲಕ್ಷ.

"ಮದುವೆಯಲ್ಲೇ ಮುಟ್ಟಿತು" ಎಂಬುದಕ್ಕೆ 49ನೆಯ ಕಲಮೇ ಉತ್ತರ. ತಂದೆ ಬದುಕಿದ್ದಾಗ ಮಗ ಅಥವಾ ಮಗಳ ಏಳಿಗೆಗೆಂದು ಕೊಟ್ಟ ಹಣವನ್ನಾಗಲಿ ಆಸ್ತಿಯನ್ನಾಗಲಿ ಪಾಲಿನ ಲೆಕ್ಕಕ್ಕೆ ಹಿಡಿಯುವಂತಿಲ್ಲ. ನಿಮ್ಮ ಅಣ್ಣನ ಬಿ.ಕಾಂ. ಖರ್ಚನ್ನೂ ಯಾರೂ ಹಿಡಿಯುವುದಿಲ್ಲ, ಚಿಂತೆ ಬೇಡ. ಬಿಡುಗಡೆ ಪತ್ರವನ್ನು ಅಕ್ಕ ತಾನಾಗಿ ಬರೆದುಕೊಟ್ಟರೆ ಅದು ಊರ್ಜಿತವೇ. ಒಮ್ಮೆ ನೋಂದಣಿಯಾದರೆ ರದ್ದು ಮಾಡಿಸುವುದು ಮಾತ್ರ ಕಷ್ಟ. ಲೆಕ್ಕ ತಿಳಿದ ಮೇಲೆ ಸಹಿ ಹಾಕುವುದು ಬೇರೆ, ತಿಳಿಯದೆ ಹಾಕುವುದು ಬೇರೆ.

ಬ್ಯಾಡಗಿ ಪೇಟೆ:

ಹಾಗಿದ್ದರೆ ವ್ಯವಹಾರ ಸರಳವಾಯಿತು. ಪಾಲು ಹಂಚಿ. 3 ಲಕ್ಷವನ್ನು ಅಣ್ಣನೊಬ್ಬನೇ ತನ್ನ 5.33ರಿಂದ ಕೊಡಲಿ. ಆಗ ಕಲ್ಲಿನ ಮೇಲೆ ಬಿ.ಕಾಂ. ಜೊತೆಗೆ ಇನ್ನೇನನ್ನೇ ಕೆತ್ತಿಸಿಕೊಂಡರೂ ನೀವು ಚಕಾರ ಎತ್ತಬಾರದು. ಬೇಥಾನ್ಯದ ಮಾತನ್ನು ಮಾತ್ರ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಬೆಟಗೇರಿಯ ಕಿರಿಮಗ:

ನಿನ್ನೆ ಅಕ್ಕನಿಗೆ ಫೋನ್ ಮಾಡಿ ಲೆಕ್ಕವನ್ನಷ್ಟೇ ಹೇಳಿದೆ, ಸಹಿ ಹಾಕು ಅಥವಾ ಬೇಡ ಎನ್ನಲಿಲ್ಲ. ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. 5.33 ಎಂದಾಗ ಸದ್ದು ನಿಂತಿತು. "ಅಷ್ಟಾಗುತ್ತದೆಯೇ?" ಎಂದಳು. ಆಮೇಲೆ ಮಗಳ ನರ್ಸಿಂಗ್ ಫೀಯ ಮಾತು ತೆಗೆದಳು. ಕಲ್ಲಿನ ಮೇಲೆ ಹೆಸರು ಬೇಡವಂತೆ, "ಅಪ್ಪನಿಗೆ ಓದಲು ಬರುತ್ತದೆಯೇ ಈಗ" ಎಂದು ನಕ್ಕಳು.

ಅಣ್ಣ ಕೂಗಾಡಿದ. ವಿಶ್ವಾಸಿಗಳು ವಿಶ್ವಾಸಿಗಳ ಮೇಲೆ ಕೋರ್ಟಿಗೆ ಹೋಗಬಾರದು ಎಂದು ಪೌಲನು ಕೊರಿಂಥದವರಿಗೆ ಬರೆದಿದ್ದಾನೆ ಎಂದ. ಕೋರ್ಟಿನ ಹೆಸರನ್ನು ನಾನು ಎತ್ತಿಯೇ ಇರಲಿಲ್ಲ. ಮೊದಲ ಪತ್ರಿಕೆಯ 6ನೆಯ ಅಧ್ಯಾಯ ತಾನೇ, ಅದರ 8ನೆಯ ವಚನವನ್ನೂ ನೋಡು, ನೀವೇ ಅನ್ಯಾಯ ಮಾಡುತ್ತೀರಿ, ಅದೂ ಸಹೋದರರಿಗೆ ಎಂದಿದೆ ಎಂದೆ. ಫೋನ್ ಇಟ್ಟ. ವೇದಿಯ ಕೆಲಸಕ್ಕೆ ನನ್ನ ಪಾಲಿನಿಂದ ನಾನೂ ಒಂದಿಷ್ಟು ಕೊಡುತ್ತೇನೆ ಎಂದು ಆಮೇಲೆ ಸಂದೇಶ ಕಳಿಸಿದ್ದೇನೆ, ಉತ್ತರ ಬಂದಿಲ್ಲ.

ಅಚ್ಚರಿ ಎಂದರೆ ಅವ್ವ. ಇದುವರೆಗೆ ಬಾಯಿ ಬಿಡದವಳು "ನನ್ನ 8 ಲಕ್ಷ ನನ್ನ ಪಾಸ್‌ಬುಕ್ಕಿಗೆ ಬರಲಿ, ಆ ಕಲ್ಲಿನ ವಿಚಾರ ನಾನು ನೋಡಿಕೊಳ್ಳುತ್ತೇನೆ" ಎಂದಿದ್ದಾಳೆ. ಹುಬ್ಬಳ್ಳಿ ಸರ್, ಹಣ ಒಬ್ಬರ ಕೈಗೆ ಬಂದು ಆಮೇಲೆ ಹಂಚುವ ಬದಲು ನಾಲ್ವರಿಗೂ ಬೇರೆ ಬೇರೆಯಾಗಿ ಸಲ್ಲುವಂತೆ ಮಾಡಬಹುದೇ?

ಹುಬ್ಬಳ್ಳಿ ಕೋರ್ಟ್ ರಸ್ತೆ:

ಮಾಡಬಹುದು, ಹಾಗೆಯೇ ಮಾಡಿ. ಕೊಳ್ಳುವವರು ನಾಲ್ಕು ಡಿಡಿ ತರಲಿ, ಒಬ್ಬೊಬ್ಬರ ಹೆಸರಿಗೆ ಒಂದೊಂದು. ಡಿಡಿ ನಂಬರು, ತಾರೀಖು, ಬ್ಯಾಂಕು, ಮೊತ್ತ ನಾಲ್ಕನ್ನೂ ಖರೀದಿ ಪತ್ರದಲ್ಲಿ ನಮೂದಿಸಿ. ಈಗಾಗಲೇ ತೆಗೆದುಕೊಂಡ ಸಂಚಕಾರ ಯಾರ ಬಳಿ ಇದೆಯೋ ಅದನ್ನು ಅವರ ಪಾಲಿನಲ್ಲಿ ಕಳೆಯಿರಿ. ಕರಡು ಪತ್ರವನ್ನು ನೋಂದಣಿಯ ಹಿಂದಿನ ವಾರವೇ ತರಿಸಿ ಅಕ್ಕನಿಗೂ ಅವ್ವನಿಗೂ ಓದಿ ಹೇಳಿ, ಉಪನೋಂದಣಾಧಿಕಾರಿಗಳ ಕಚೇರಿಯ ಗದ್ದಲದಲ್ಲಿ ಓದಲು ಆಗುವುದಿಲ್ಲ.